ಕಾಣೆಯಾದ ಎಂಟು ಕಿಲೋಮೀಟರ್

ಪೆಡಲನ್ನು ಹೂವಿನಷ್ಟು ಹಗುರವಾಗಿ ಒತ್ತುತ್ತಾನೆಂದು ಕಾರು ಕಂಪನಿಯ ಪರೀಕ್ಷಾ ಕೊಠಡಿಯಲ್ಲಿ ಅವನಿಗೆ ಹೂಪಾದ ಎಂದು ಹೆಸರು. ಹೊಸ ಕಾರಿನ ಚಕ್ರಗಳನ್ನು ತಿರುಗುವ ಉರುಳೆಗಳ ಮೇಲೆ ಕೂರಿಸಿ, ಎಸಿ ಆರಿಸಿ, ಎದುರಿನ ಪರದೆಯಲ್ಲಿ ಏರಿಳಿಯುವ ಗೆರೆಗೆ ತಕ್ಕಂತೆ ವೇಗ ಹಿಡಿಯುವುದು ಅವನ ಕೆಲಸ. ಗುಂಡಿಯಿಲ್ಲ, ಸಿಗ್ನಲ್ಲಿಲ್ಲ, ಹಿಂದೆ ಕೂತು ದಾರಿ ಹೇಳುವ ಅತ್ತೆಯಿಲ್ಲ. ಗಾಳಿಗೂ ಒಂದು ದೊಡ್ಡ ಫ್ಯಾನು. ಊರು ಸುತ್ತುವಷ್ಟು ಓಡಿಸಿ ಇಳಿದರೆ ಹತ್ತಿದ ಜಾಗದಲ್ಲೇ ಇರುತ್ತಾನೆ. ಮೊದಮೊದಲು ಇದಕ್ಕೆ ನಗು ಬರುತ್ತಿತ್ತು. ಈಗ ಏನೂ ಬರುವುದಿಲ್ಲ. ಕಾಲು ಅದರ ಪಾಡಿಗೆ ಅದು ಒತ್ತುತ್ತದೆ.

ಆ ಕಾಲಿನ ದಯೆಯಿಂದಲೇ ಕಂಪನಿಯ ಚಿಕ್ಕ ಕಾರಿಗೆ ಲೀಟರಿಗೆ ಇಪ್ಪತ್ತನಾಲ್ಕು ಕಿಲೋಮೀಟರ್ ಬಂದಿತ್ತು. ಮೇಲಿನವರು ನಿಟ್ಟುಸಿರು ಬಿಟ್ಟರು. ಸರ್ಕಾರದ ಮಾನದಂಡದಲ್ಲಿ ಕಂಪನಿಗೆ ಕಾಣುವುದು ದಂಡ ಮಾತ್ರ. ಮಾರಿದ ಎಲ್ಲ ಕಾರುಗಳ ಸರಾಸರಿ ಮೈಲೇಜು ಆ ಮಾನದಂಡ ದಾಟಿದರೆ ಸಾಕು, ದಂಡವಿಲ್ಲ. ಕುಡುಕ ಅಣ್ಣನಂಥ ದೊಡ್ಡ ಗಾಡಿಯನ್ನು ಉಪವಾಸದ ತಮ್ಮನಂಥ ಚಿಕ್ಕ ಗಾಡಿ ದಡ ಹಾಯಿಸುತ್ತದೆ. ಕೊಳ್ಳುವವರಿಗೆ ಈ ಸಂಸಾರದ ಗುಟ್ಟು ಗೊತ್ತಿಲ್ಲ. ಗಾಜಿಗೆ ಅಂಟಿಸಿದ ಮೈಲೇಜಿನ ಚೀಟಿ ಎಂದರೆ ಅವರಿಗೆ ಕೊಟ್ಟ ಮಾತು.

ಅಕ್ಕನೂ ಆ ಕಾರನ್ನೇ ಕೊಂಡಳು. "ಇಪ್ಪತ್ತನಾಲ್ಕು ನಿಜವೇನೋ?" ಎಂದು ಕೇಳಿದ್ದಳು. "ನಾನೇ ತೆಗೆದಿದ್ದು ಅಕ್ಕಾ" ಎಂದಿದ್ದ. ಸುಳ್ಳು ಹೇಳಬೇಕೆಂದಲ್ಲ. ಕಾರಿನ ಕೆಳಗೆ ರಸ್ತೆಯೂ ಇರುತ್ತದೆ ಎನ್ನುವುದೇ ಅವನಿಗೆ ಮರೆತುಹೋಗಿತ್ತು.

ಒಂದು ಭಾನುವಾರ ಅಕ್ಕ ಫೋನು ಮಾಡಿ ಕರೆಸಿದಳು. ಹೋದರೆ ನಡುಮನೆಯಲ್ಲಿ ಭಾವನ ಬಟ್ಟೆ ತುಂಬಿದ ಚೀಲ. ಗಾಡಿಗಳ ಮೀಟರ್ ರಿಪೇರಿಯ ಅಂಗಡಿ ಇಟ್ಟಿರುವ ಭಾವ ಕಿಟಕಿಯ ಪಕ್ಕ, ಶೂ ಕಟ್ಟುವುದೋ ಬಿಚ್ಚುವುದೋ ತಿಳಿಯದೆ ಕೂತಿದ್ದರು.

"ನೀನೇ ನ್ಯಾಯ ಹೇಳಪ್ಪ" ಎಂದಳು ಅಕ್ಕ. "ಲೀಟರ್ ಪೆಟ್ರೋಲಿಗೆ ಗಾಡಿ ಕೊಡೋದು ಇಪ್ಪತ್ತನಾಲ್ಕು. ಇವರು ಓಡಿಸಿದೆ ಅಂತ ತೋರಿಸೋದು ಹದಿನಾರು. ಮಿಕ್ಕ ಎಂಟು ಯಾವಳ ಮನೆ ಬಾಗಿಲಿಗೆ ಹೋಗತ್ತೆ?"

"ಅಂಗಡಿಗೆ ಹೋಗ್ತೀನಿ, ಮನೆಗೆ ಬರ್ತೀನಿ" ಎಂದರು ಭಾವ. ಹೇಳಿ ಹೇಳಿ ಸವೆದ ದನಿ.

"ಕಾರಿನ ಮೀಟರ್ ನೋಡಬಹುದಲ್ಲ ಅಕ್ಕಾ, ಓಡಿದ್ದೆಲ್ಲ ಅದರಲ್ಲಿರತ್ತೆ."

"ಊರವರ ಮೀಟರೆಲ್ಲ ಬಿಚ್ಚಿ ಜೋಡಿಸೋರಿಗೆ ಇದೊಂದನ್ನ ಹಿಂದೆ ತಿರುಗಿಸೋದು ಕಷ್ಟಾನಾ? ದೊಡ್ಡದಾಗಿ ಹೇಳೋಕೆ ಬಂದ."

ಹೂಪಾದ ಬಟ್ಟೆಯ ಚೀಲದ ಕಡೆ ನೋಡಿದ. ತಾನು ಸುಮ್ಮನಿದ್ದರೆ ಇಪ್ಪತ್ತನಾಲ್ಕು ಉಳಿಯುತ್ತದೆ, ಭಾವ ಈ ಮನೆಯಲ್ಲಿ ಉಳಿಯುವುದಿಲ್ಲ.

"ಆ ಎಂಟು ಎಲ್ಲಿಗೂ ಹೋಗಿಲ್ಲ ಅಕ್ಕಾ. ಇರಲೇ ಇಲ್ಲ. ನಾನು ಓಡಿಸಿದ್ದು ಕೋಣೆಯೊಳಗೆ, ನಿಂತಲ್ಲೇ. ಎಸಿ ಇಲ್ಲ, ಟ್ರಾಫಿಕ್ ಇಲ್ಲ. ನಿಮ್ಮ ರಸ್ತೇಲಿ ನಾನು ಓಡಿಸಿದ್ರೂ ಹದಿನಾರೇ."

"ಸರ್ಕಾರ ಮುದ್ರೆ ಒತ್ತಿದೆಯಲ್ಲೋ."

"ಅದು ಕಂಪನಿ ಪಾಸಾಯ್ತು ಅಂತ. ನಿನ್ನ ಗಾಡಿ ಅಷ್ಟು ಕೊಡತ್ತೆ ಅಂತಲ್ಲ."

ಅಕ್ಕ ಸೋಫಾದ ತುದಿಗೆ ಕೂತಳು. ಗಂಡ ದಾರಿ ತಪ್ಪಿಲ್ಲ ಎಂಬ ಸಮಾಧಾನವನ್ನು ಅವನು ಆ ಮುಖದಲ್ಲಿ ಹುಡುಕಿದ. ಇರಲಿಲ್ಲ.

"ಹಾಗಾದ್ರೆ ನಾನು ಯಾರ ಮೇಲೆ ಉರಿದುಬಿದ್ದೆ?" ಎಂದಳು. "ಅವಳಿಗೊಂದು ಮುಖಾನೂ ಮಾಡಿಕೊಂಡಿದ್ದೆ. ಗುಂಗುರು ಕೂದಲು, ಚೂಪು ಮೂಗು."

ಭಾವ ಎದ್ದು ಚೀಲವನ್ನು ಹೆಗಲಿಗೇರಿಸಿದರು.

"ಈಗ್ಯಾಕ್ರೀ? ನಿಮ್ಮ ತಪ್ಪಿಲ್ಲ ಅಂತ ಆಯ್ತಲ್ಲ."

"ಹೂಂ, ನಿನ್ನ ತಮ್ಮ ಹೇಳಿದ ಮೇಲೆ ಆಯ್ತು. ನಾನು ಹೇಳಿದ್ದೂ ಅದನ್ನೇ." ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. "ಮದುವೆ ದಿನ ನನ್ನ ಹಣೆಗೂ ಒಂದು ಚೀಟಿ ಅಂಟಿಸಬೇಕಿತ್ತು."

"ಭಾವ, ನಾನಾದ್ರೂ ಕಾರಲ್ಲಿ ಬಿಡ್ತೀನಿ."

"ಬೇಡಪ್ಪ. ನಮ್ಮಣ್ಣನ ಮನೆ ಹತ್ತಿರಾನೇ. ನಡೆದು ಹೋದ್ರೆ ಯಾರೂ ಲೆಕ್ಕ ಕೇಳಲ್ಲ."

ಬಾಗಿಲು ಮೆಲ್ಲಗೆ ಮುಚ್ಚಿತು. ಮೆಟ್ಟಿಲಿಳಿಯುವ ಹೆಜ್ಜೆಯ ಸದ್ದು ನಿಂತಿತು. ಅಕ್ಕ ತಮ್ಮನ ಕಡೆ ತಿರುಗಿದಳು.

"ವಾಪಸ್ ಬರ್ತಾರೇನೋ?"

ಬರ್ತಾರೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅವನು ಹೇಳಿದರೆ ಅಕ್ಕ ನಂಬಿಬಿಡುತ್ತಾಳೆ.

"ಗೊತ್ತಿಲ್ಲ ಅಕ್ಕಾ" ಎಂದ.