ಗುರುತು ಪರೀಕ್ಷೆ

ಹಾರವನ್ನು ಮೇಡಂ ಶವದ ಪಾದದ ಬಳಿ ಇಡಲು ಬಗ್ಗಿದಾಗ ಪುಟ್ಟಿಯ ಹೆಗಲಚೀಲ ಜಾರಿ ಮುಂದೆ ಬಂತು. ಎರಡೂ ಕೈಯಿಂದ ಅದನ್ನು ಎದೆಗವಚಿಕೊಂಡಳು. ಹಾರ ನೆಲಕ್ಕೆ ಬಿತ್ತು.

"ಯಾಕಮ್ಮ, ಚೀಲದಲ್ಲಿ ಹಾವು ಗೀವು ಇಟ್ಕೊಂಡಿದೀಯಾ?" ಎನ್ನುತ್ತಾ ಮೇಡಂ ಅವರ ಗಂಡ ಹಾರವನ್ನು ತಾವೇ ಎತ್ತಿ ಇಟ್ಟರು. ಗಣಿತದ ಮೇಷ್ಟ್ರಾಗಿದ್ದವರು. ಇವತ್ತೂ ಅವರ ನಾಲಗೆ ಸುಮ್ಮನಿರಲಿಲ್ಲ; ಕಣ್ಣು ಮಾತ್ರ ಕೆಂಪಾಗಿ ಊದಿಕೊಂಡಿದ್ದವು.

ಹಾವೇ ಆಗಿದ್ದರೆ ಚೆನ್ನಾಗಿತ್ತು. ಚೀಲದಲ್ಲಿದ್ದದ್ದು ಒಂದು ಹಾಳೆಯ ವರದಿ. ಅದರಲ್ಲೇನಿದೆ ಎಂದು ಬಲ್ಲವಳು ಈ ಮನೆಯಲ್ಲಿ ಅವಳೊಬ್ಬಳೇ.

ನಲವತ್ತು ದಾಟಿ ಕೂದಲು ನೆರೆಯುತ್ತಿದ್ದರೂ ಲ್ಯಾಬಿನಲ್ಲಿ ಅವಳು ಪುಟ್ಟಿಯೇ. ಮೇಡಂಗೂ ಒಂದು ಅಡ್ಡಹೆಸರಿತ್ತು: ಬಾಣಂತಿ. ಔಷಧಿ ಪರೀಕ್ಷಿಸಲು ಬೆಳೆಸುವ ಕ್ಯಾನ್ಸರ್ ಕೋಶಗಳಿಗೆ ಎರಡು ದಿನಕ್ಕೊಮ್ಮೆ ಹೊಸ ಆಹಾರದ ದ್ರವ ಹಾಕಬೇಕೆಂದು, ಮೂವತ್ತು ವರ್ಷ ಅವರು ಯಾರ ಮದುವೆಯಲ್ಲೂ ಪೂರ್ತಿ ಕೂತವರಲ್ಲ.

"ನನ್ನ ತಂಗಿ ಮದುವೇಲೂ ಅರ್ಧಕ್ಕೇ ಎದ್ಲು," ಮೇಷ್ಟ್ರು ಪಕ್ಕದವರಿಗೆ ಹೇಳುತ್ತಿದ್ದರು. "ಕೂಸು ಹಸ್ಕೊಂಡಿರತ್ತೆ ಅಂದ್ಲು. ನಮ್ಮಮ್ಮ ಪಾಪ, ಯಾವ ಕೂಸೋ ಅಂತ ನನ್ನ ಮುಖ ನೋಡಿದ್ರು!"

ಒಂದಿಬ್ಬರು ನಕ್ಕರು. ಮೇಷ್ಟ್ರೂ ನಗಲು ಹೋಗಿ ಮೂಗು ಒರೆಸಿಕೊಂಡರು. "ಒಂದೇ ಸಮಾಧಾನ. ಔಷಧಿ ರೋಗಿಗಳವರೆಗೂ ಬಂತು. ಅದನ್ನ ಕೇಳ್ಕೊಂಡೇ ಹೋದ್ಲು."

ಪುಟ್ಟಿ ಗಾಳಿ ಬೇಕೆಂದು ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ನಡೆದಳು.

*

ವರ್ಷಕ್ಕೊಮ್ಮೆ ಕೋಶಗಳ ಗುರುತು ಪರೀಕ್ಷೆ ಮಾಡಿಸಬೇಕಿತ್ತು. ಲ್ಯಾಬಿನ ತಟ್ಟೆಯಲ್ಲಿ ಮೇಡಂ ಬೆಳೆಸುತ್ತಿರುವುದು ಮೇದೋಜೀರಕದ ಗಡ್ಡೆಯ ಕೋಶವೇ, ಇನ್ನಾವುದಾದರೂ ನುಸುಳಿದೆಯೇ ಎಂದು. ಆ ಕೆಲಸ ಪುಟ್ಟಿಯದು. ಐದು ವರ್ಷದಿಂದ ಅವಳು ತಟ್ಟೆಯನ್ನು ಮುಟ್ಟದೆ, ಮೊದಲೇ ತುಂಬಿ ಹಿಮಪೆಟ್ಟಿಗೆಯಲ್ಲಿಟ್ಟಿದ್ದ ಮೂಲ ಕೋಶಗಳ ಸೀಸೆಗಳಲ್ಲೊಂದನ್ನು ಕಳಿಸಿಬಿಡುತ್ತಿದ್ದಳು. ಅದು ಸುಲಭವಿತ್ತು. ಪ್ರತಿ ಸಲವೂ ವರದಿ ಸರಿಯಾಗಿಯೇ ಬರುತ್ತಿತ್ತು. ಸೀಸೆಯಲ್ಲಿದ್ದದ್ದು ಸರಿಯಾಗಿಯೇ ಇತ್ತಲ್ಲ.

ಈ ಸಲ ಮೇಡಂ ತಾವೇ ತಟ್ಟೆಯಿಂದ ತೆಗೆದು ಕಳಿಸಿದರು.

"ಪುಟ್ಟಿ, ವರದಿ ಬಂತೇನೇ?"

"ಇನ್ನೂ ಇಲ್ಲ ಮೇಡಂ."

ಬಂದಿತ್ತು, ಆ ಬೆಳಿಗ್ಗೆಯೇ. ತಟ್ಟೆಯಲ್ಲಿದ್ದವು ಸ್ತನದ ಗಡ್ಡೆಯ ಕೋಶಗಳು. ಅವನ್ನು ಪುಟ್ಟಿ ಪಕ್ಕದಲ್ಲೇ ಬೇರೆ ತಟ್ಟೆಯಲ್ಲಿ ಬೆಳೆಸುತ್ತಿದ್ದಳು. ಎಂದೋ ಒಂದು ದಿನ ಅವಸರದಲ್ಲಿ ಒಂದೇ ಬಾಟಲಿಯ ದ್ರವವನ್ನು ಎರಡಕ್ಕೂ ಹಾಕಿದ್ದಳು. ವೇಗವಾಗಿ ಬೆಳೆಯುವ ಅವು ಮೇಡಂ ತಟ್ಟೆಯನ್ನೆಲ್ಲ ಆಕ್ರಮಿಸಲು ಒಂದು ಹನಿ ಸಾಕಾಗಿತ್ತು. ನೂರಾರು ಔಷಧಿಗಳಲ್ಲಿ ಒಂದನ್ನು ಆರಿಸಿದ್ದು, ಇಲಿಗಳ ಮೇಲೆ ನೋಡಿದ್ದು, ಎಲ್ಲವೂ ಆ ತಪ್ಪು ಕೋಶಗಳಿಂದಲೇ.

"ಬಂದ ಕೂಡ್ಲೇ ಹೇಳು. ಇವು ಬೆಳೆಯೋ ರೀತಿ ನೋಡಿದ್ರೆ ಯಾಕೋ ಭಯ ಆಗತ್ತೆ ಕಣೇ."

ನಾಳೆ ಹೇಳೋಣ ಎಂದುಕೊಂಡಳು. ಹಾಗೆ ಮೂರು ದಿನ ಕಳೆಯಿತು. ನಾಲ್ಕನೆಯ ಬೆಳಿಗ್ಗೆ, ಎದೆನೋವೆಂದು ಕೂತ ಮೇಡಂ ಮತ್ತೆ ಏಳಲಿಲ್ಲ.

*

ಹೊರಗಿನ ಬೆಂಚಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬಳು ಕೂತಿದ್ದಳು.

"ನೀವು ಪುಟ್ಟಿ ಮೇಡಂ ಅಲ್ವಾ? ಅವರ ಜೊತೆ ಆಸ್ಪತ್ರೆಗೆ ಬಂದಿದ್ರಿ. ನಾನು ಟೈಲರು. ಮೇದೋಜೀರಕದಲ್ಲಿ ಗಡ್ಡೆ. ನಿಮ್ಮ ಔಷಧಿ ತಗೊಳ್ಳೋರಲ್ಲಿ ನಾನೇ ಮೊದಲನೇವಳು, ಸೋಮವಾರ. ಈಗ ತಗೊಳ್ತಿರೋ ಔಷಧೀನ ನಾಳೆಯಿಂದ ನಿಲ್ಲಿಸ್ತಾರೆ."

ಪುಟ್ಟಿ ಕೇಳಿದಳು: "ಈಗಿರೋದು ಕೆಲಸ ಮಾಡ್ತಿದೆಯಾ?"

"ಏನೋ, ಸ್ವಲ್ಪ. ಮಗಳ ಪರೀಕ್ಷೆ ಮುಗಿಯೋವರೆಗೂ ಎಳೆಯತ್ತೆ ಅಂದ್ರು ಡಾಕ್ಟ್ರು. ನಿಮ್ದು ಅವಳ ಕಾಲೇಜಿನವರೆಗೂ ಎಳೆದ್ರೆ ಸಾಕು ಅಂತ ಆಸೆ."

ಒಳಗೆ ಮೈಕಿನಲ್ಲಿ ಸಂಸ್ಥೆಯ ನಿರ್ದೇಶಕರು ಹೊಸ ಔಷಧಿಗೆ ಮೇಡಂ ಹೆಸರಿಡುವುದಾಗಿ ಹೇಳುತ್ತಿದ್ದರು. ಯಾರೋ ಬಿಕ್ಕಿದರು. ಈಗ ಬಾಯಿಬಿಟ್ಟರೆ ಮೇಡಂ ಅವರ ಮೂವತ್ತು ವರ್ಷ, ಅವರನ್ನು ಮಣ್ಣು ಮಾಡುವ ಮೊದಲೇ ಮಣ್ಣಾಗುತ್ತದೆ. ತನ್ನ ಕೆಲಸವೂ. ಮೇಷ್ಟ್ರ ಆ ಒಂದೇ ಸಮಾಧಾನವೂ. ಪುಟ್ಟಿ ಗೇಟಿನ ಕಡೆ ನೋಡಿದಳು. ಇಪ್ಪತ್ತು ಹೆಜ್ಜೆ, ಅಷ್ಟೇ.

ಗೇಟಿಗೆ ಬೆನ್ನು ಮಾಡಿ ಬೆಂಚಿನ ತುದಿಯಲ್ಲಿ ಕೂತಳು.

"ಅಕ್ಕಾ, ನಾಳೆ ನಿಲ್ಲಿಸ್ಬೇಡಿ," ಎಂದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಬಾಟಲಿ, ಸೀಸೆ, "ಇನ್ನೂ ಇಲ್ಲ ಮೇಡಂ" ಅಂದದ್ದು.

ಟೈಲರು ಅವಳ ಕಡೆ ತಿರುಗಿದಳು.

"ಅಳತೆ ತಗೊಂಡಿದ್ದು ಇನ್ಯಾರದ್ದೋ. ಹೊಲಿದಿದ್ದು ನನಗೆ. ಹಂಗಾ?"

"ಹ್ಞೂಂ."

"ಇದು ನನ್ನೊಬ್ಬಳಿಗೇ ಅಲ್ವಲ್ಲ. ಇನ್ನೂ ಹನ್ನೊಂದು ಜನ ಇದಾರೆ."

"ಗೊತ್ತು."

"ಅಲ್ಲಿ ಮೈಕಲ್ಲಿ ಮಾತಾಡ್ತಿದಾರಲ್ಲ, ಅವರಿಗೆ ಗೊತ್ತಾ?"

ಪುಟ್ಟಿ ತಲೆಯಾಡಿಸಿದಳು, ಇಲ್ಲವೆಂದು.

ಟೈಲರು ತಲೆಯ ಬಟ್ಟೆಯ ಗಂಟು ಬಿಚ್ಚಿ, ಇನ್ನೂ ಬಿಗಿಯಾಗಿ ಕಟ್ಟಿಕೊಂಡಳು. ಎದ್ದು ನಿಂತು ಪುಟ್ಟಿಯ ಮೊಣಕೈ ಹಿಡಿದು ಒಳಗೆ ನಡೆದಳು. ಸೂಜಿ ಹಿಡಿದು ಗಟ್ಟಿಯಾದ ಬೆರಳುಗಳು, ಬಿಡಲಿಲ್ಲ. ಬಾಗಿಲಲ್ಲಿ ಹೂ ಹಿಡಿದು ನಿಂತಿದ್ದ ಸಾಲು ಇಬ್ಬರ ಮುಖ ನೋಡಿ ಪಕ್ಕಕ್ಕೆ ಸರಿಯಿತು. ನಿರ್ದೇಶಕರು ಮಾತಿನ ನಡುವೆ ತಲೆಯೆತ್ತಿದರು. ಪುಟ್ಟಿ ಚೀಲದಿಂದ ವರದಿಯ ಹಾಳೆ ತೆಗೆದು ಅವರ ಮುಂದೆ ಹಿಡಿದಳು.