ಕುದಿನೀರಿನ ಕಡೆಯ ಆಂಜಿನಮ್ಮ

ಆಂಜಿನಮ್ಮ ದೇವರಿಗಾಗಲಿ ಧಣಿಗಾಗಲಿ ಕೈ ಮುಗಿದದ್ದನ್ನು ಶಿಡ್ಲಘಟ್ಟದಲ್ಲಿ ಕಂಡವರಿಲ್ಲ. ಸೊಕ್ಕು ಎಂದರು ಕೆಲವರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದರು ಇನ್ನು ಕೆಲವರು. ಹದಿನಾಲ್ಕು ವರ್ಷ ಕುದಿಯುವ ನೀರಿನಲ್ಲಿ ರೇಷ್ಮೆಗೂಡಿನ ಎಳೆ ಹುಡುಕಿ ಹುಡುಕಿ ಅವಳ ಅಂಗೈಗಳ ಚರ್ಮ ಸುಲಿದು ಹೋಗಿತ್ತು, ಒಂದಕ್ಕೊಂದು ತಾಗಿದರೆ ಉರಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತದೆ ಗಾದೆ. ಆ ಊರಿನ ಧಣಿಗಳಿಗೆ ಕನ್ನಡಿ ಹಿಡಿದು ತೋರಿಸಿದ್ದರೂ ಕಾಣುತ್ತಿರಲಿಲ್ಲ.

ಸೀರೆಯ ಮೇಲೆ ಸತ್ತ ಗಂಡನ ಖಾಕಿ ಅಂಗಿ ತೊಟ್ಟು, ಬೀದಿಯ ನಟ್ಟನಡುವೆ, ಗಾಡಿಯವರು ಎಷ್ಟು ಕೂಗಿದರೂ ಪಕ್ಕಕ್ಕೆ ಸರಿಯದೆ ನಡೆಯುವುದು ಅವಳ ರೀತಿ. ಎದುರಿನವನು ಎಂಥ ಪಂಡಿತನಾಗಿದ್ದರೂ ಅವನ ಮಾತೆಲ್ಲ ಮುಗಿಯುವ ತನಕ ಕಾದು, "ಅದಿರ್ಲಿ, ನಂಗೊಂದು ಹೇಳಿ" ಎಂದು ತನ್ನದನ್ನು ಶುರುಮಾಡುವಳು. ಗೂಡು ಬೆಂದು ಹದಕ್ಕೆ ಬಂದದ್ದನ್ನು ನೀರಿನ ಸದ್ದಿನಿಂದಲೇ ತಿಳಿಯುತ್ತಿದ್ದಳು. ಅವಳು ತೆಗೆದ ನೂಲಿಗೆ ಸಂತೆಯಲ್ಲಿ ಯಾರೂ ಹೆಸರಿಡುತ್ತಿರಲಿಲ್ಲ.

ಅವಳ ಧಣಿ ನರಸಿಂಹಪ್ಪನವರ ನೂಲು ತೆಗೆಯುವ ಕೊಟ್ಟಿಗೆಯಲ್ಲಿ ಎಂಟು ಚರಕಗಳಿದ್ದವು. ಪ್ರತಿ ಚರಕಕ್ಕೂ ಇಬ್ಬರು: ಕುದಿನೀರಿನ ಬಾಂಡಲಿಯ ಮುಂದೆ ಕೂತು ನೂಲು ತೆಗೆಯುವ ಹೆಂಗಸು, ಚಕ್ರ ತಿರುಗಿಸುವ ಗಂಡಸು. ಅವನಿಗೆ ಗಂಡಾಳಿನ ಕೂಲಿ, ಅವಳಿಗೆ ಹೆಣ್ಣಾಳಿನ ಕೂಲಿ, ಅಂದರೆ ಅದರ ಅರ್ಧಕ್ಕಿಂತ ಚೂರು ಹೆಚ್ಚು. ಕೇಳಿದರೆ ಧಣಿಗಳ ಉತ್ತರ ಸಿದ್ಧವಾಗಿತ್ತು, ಚಕ್ರಕ್ಕೆ ತೋಳ್ಬಲ ಬೇಕಂತೆ.

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ, ಅವಳ ಚರಕ ತಿರುಗಿಸುತ್ತಿದ್ದ ಮುನಿಶಾಮಿ, "ನಿಂದೇನಕ್ಕ, ಕೂತ್ಕೊಂಡು ಮಾಡೋ ಕೆಲ್ಸ" ಎಂದುಬಿಟ್ಟ.

"ಅಂಗಾದ್ರೆ ನೀನೇ ಕೂತ್ಕೊಳಪ್ಪ. ನಾನು ತಿರುಗಿಸ್ತೀನಿ."

ನರಸಿಂಹಪ್ಪನವರಿಗೂ ಅದು ತಮಾಷೆ ಎನಿಸಿ ಒಪ್ಪಿದರು. ಅಂದು ಬೆಳಗಿನಿಂದ ಸಂಜೆಯವರೆಗೆ ಆಂಜಿನಮ್ಮ ಒಂದು ಗಳಿಗೆ ನಿಲ್ಲದೆ ಚಕ್ರ ತಿರುಗಿಸಿದಳು. ಮುನಿಶಾಮಿಯ ಬೆರಳುಗಳು ಬೊಬ್ಬೆಯೆದ್ದವು. ನೂಲು ಮತ್ತೆಮತ್ತೆ ತುಂಡಾಯಿತು, ತುಂಡಾಗದೆ ಉಳಿದದ್ದು ಹುರಿಹಗ್ಗದಂತಿತ್ತು. ವಾರದ ಬಟವಾಡೆ ಅಂದೇ ಇತ್ತು; ಸಂಜೆ ಆ ದಿನಕ್ಕೂ ಅವನಿಗೆ ಗಂಡಾಳಿನ ಕೂಲಿಯೇ ಬಂತು, ಅವಳಿಗೆ ಹೆಣ್ಣಾಳಿನದೇ.

"ಚಕ್ರಕ್ಕೆ ಜಾಸ್ತಿ ಅಂತಿದ್ರಲ್ಲ ಸಾವ್ಕಾರ್ರೇ? ಇವತ್ತು ಚಕ್ರ ತಿರುಗಿಸಿದ್ದು ನಾನು."

"ಕುದಿಯೋ ನೀರಲ್ಲಿ ಕೈಯಿಟ್ಟವ್ನಲ್ಲಮ್ಮ, ಪಾಪ! ನಾಜೂಕಿನ ಕೆಲ್ಸ ಅದು. ಚಕ್ರದ್ದೇನು, ಯಾರು ಬೇಕಾದ್ರೂ ತಿರುಗಿಸ್ತಾರೆ."

ಈ ಮಾತನ್ನು ಅವರು ನಾಚಿಕೆಯಿಂದ ಹೇಳಲಿಲ್ಲ, ಕುಹಕದಿಂದಲೂ ಹೇಳಲಿಲ್ಲ. ಊಟವಾಯಿತೇ ಎಂದು ಕೇಳುವಷ್ಟು ಸಹಜವಾಗಿ ಹೇಳಿದರು. ಇವತ್ತು ನೆನೆದರೂ ಮೈ ಉರಿಯುವುದು ಆ ಸಹಜತೆಗೆ. ಗಂಡಸು ಕೂತ ಜಾಗವೇ ಕಸುಬಾಗುತ್ತದೆ, ಹೆಂಗಸು ಅಲ್ಲಿಗೆ ಬಂದಳೆಂದರೆ ಅದೇ ಜಾಗ ಚಾಕರಿಯಾಗುತ್ತದೆ!

ಮರುದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ಸಮ ಕೂಲಿ ಕೊಡುವ ಕೊಟ್ಟಿಗೆ ಹುಡುಕಿ ಊರೆಲ್ಲ ಅಲೆದಳು, ಎಲ್ಲ ಬಾಗಿಲಲ್ಲೂ ಅದೇ ತೋಳ್ಬಲದ ಪುರಾಣ ಕೇಳಿದಳು. ಅಷ್ಟರಲ್ಲಿ ಅವಳ ಬಾಂಡಲಿಯ ಮುಂದೆ, ಮೂರು ಮಕ್ಕಳ ತಾಯಿ ಲಕ್ಷ್ಮಿದೇವಮ್ಮ ಬಂದು ಕೂತಿದ್ದಳು. ಆಂಜಿನಮ್ಮ ಅವಳನ್ನು ಬೈಯಲಿಲ್ಲ. ಹನ್ನೆರಡನೆಯ ದಿನ, ಮನೆಯಲ್ಲಿ ರಾಗಿ ಮುಗಿದ ಮೇಲೆ, ಅದೇ ಕೊಟ್ಟಿಗೆಗೆ, ಅದೇ ಕೂಲಿಗೆ, ಖಾಲಿ ಬಿದ್ದಿದ್ದ ಪಕ್ಕದ ಚರಕಕ್ಕೆ ಮರಳಿದಳು. ಸೋತಳು ಎಂದಿತು ಊರು.

ಆ ವಾರದ ಬಟವಾಡೆಯಲ್ಲಿ ಅವಳು ದುಡ್ಡು ತೆಗೆದುಕೊಂಡು, ಎಲ್ಲರಿಗೂ ಕೇಳುವಂತೆ, "ಅದಿರ್ಲಿ ಸಾವ್ಕಾರ್ರೇ, ನಂಗೊಂದು ಹೇಳಿ. ಇದು ಕೆಲ್ಸಕ್ಕೆ ಕೊಟ್ಟಿದ್ದೋ, ಸೀರೆಗೆ ಕೊಟ್ಟಿದ್ದೋ?" ಎಂದಳು. ಮುಂದಿನ ವಾರವೂ ಕೇಳಿದಳು. ಒಂಬತ್ತು ವರ್ಷ, ಒಂದು ವಾರವೂ ತಪ್ಪಿಸಲಿಲ್ಲ. ನರಸಿಂಹಪ್ಪನವರು ನಕ್ಕರು, ಗದರಿದರು, ಕೊನೆಗೆ ಗುಮಾಸ್ತನ ಕೈಲಿ ಕೂಲಿ ಕೊಡಿಸಿ ಒಳಗೆ ಕೂತರು; ಅವಳು ಅವರ ಮನೆಯ ಜಗುಲಿಗೇ ಹೋಗಿ ಕೇಳಿದಳು. ಕೂಲಿ ಮಾತ್ರ ಸಮವಾಗಲಿಲ್ಲ. ಅರವತ್ತೇಳರಲ್ಲಿ ಅವಳು ಜ್ವರದಿಂದ ಮಲಗಿದ ವಾರ, ಈ ಸಲ ಪೀಡೆ ತಪ್ಪಿತೆಂದು ಧಣಿ ತಾವೇ ಬಟವಾಡೆಗೆ ಕೂತರು. ಲಕ್ಷ್ಮಿದೇವಮ್ಮ ದುಡ್ಡನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತ, ಆಂಜಿನಮ್ಮನ ಆ ಪ್ರಶ್ನೆಯನ್ನೇ ಕೇಳಿದಳು.

ಇಂಥ ಹೆಂಗಸರನ್ನು ಭೂಮಿತಾಯಿಯಂಥ ಸಹನೆಯವರೆಂದು ಹೊಗಳುವುದು ನಮ್ಮ ಚಾಳಿ. ಆ ಹೊಗಳಿಕೆಯೂ ಕೂಲಿ ಉಳಿಸುವ ಉಪಾಯವೇ. ಅವರು ಸಹಿಸಿದವರಲ್ಲ. ಗೆಲುವು ಅವರ ಪಾಲಿಗೆ ಬರದೆ ಹೋಗಬಹುದು, ಆದರೆ ಅನ್ಯಾಯವು ಹಳತಾಗಿ, ಪದ್ಧತಿಯೆಂಬ ಹೆಸರು ಪಡೆದು, ನೆಮ್ಮದಿಯಾಗಿ ಕಾಲು ಚಾಚಲು ಅವರು ಬಿಡುವುದಿಲ್ಲ. ಅನ್ಯಾಯ ಮಾಡುವವನು ಅದನ್ನು ವಾರವಾರವೂ ಹೊಸದಾಗಿ, ನಾಲ್ಕು ಜನರ ಮುಂದೆ, ತಿಳಿದೂ ತಿಳಿದೂ ಮಾಡಬೇಕಾಗುತ್ತದೆ.