ಮೊನೆಯಿಲ್ಲದ ಗಾಳ

ಹೊಳೆಯಲ್ಲಿ ಟ್ರೌಟ್ ಮೀನು ಹಿಡಿಯುವ ಸೀಸನ್ ಮುಗಿದು, ಗಿರಾಕಿಗಳ ರಬ್ಬರ್ ಬೂಟುಗಳನ್ನು ಶೆಡ್ಡಿನಲ್ಲಿ ತಲೆಕೆಳಗಾಗಿ ನೇತುಹಾಕುವಾಗ ಗೈಡಿಗೆ ಆ ಮಾವ ಅಳಿಯಂದಿರ ನೆನಪಾಗಿ ನಗು ಬರುತ್ತದೆ. ಅವನು ಹೀಗೆ ಒಬ್ಬನೇ ನಗುವುದನ್ನು ಕಂಡರೆ ಹೆಂಡತಿಗೆ ಆಗುವುದಿಲ್ಲ.

ಗಿರಾಕಿಗಳಾದರೂ ಎಂಥವರು! ಮನೆಯಲ್ಲಿ ಕುಡಿದ ಲೋಟ ಎತ್ತಿಡದವರು ಇಲ್ಲಿ ಸೊಂಟಮಟ್ಟದ ತಣ್ಣೀರಿನಲ್ಲಿ ನಿಂತು, ಪುಕ್ಕ ದಾರ ಸುತ್ತಿ ಮಾಡಿದ ಸುಳ್ಳು ನೊಣವನ್ನು ಗಾಳಕ್ಕೆ ಕಟ್ಟಿ ಬೀಸುತ್ತಾರೆ. ಹಿಡಿದ ಮೀನಿನ ಜೊತೆ ಫೋಟೊ ತೆಗೆಸಿಕೊಂಡು ಮತ್ತೆ ನೀರಿಗೇ ಬಿಡುತ್ತಾರೆ. ತಿನ್ನುವುದೂ ಇಲ್ಲ, ಮಾರುವುದೂ ಇಲ್ಲ. ಇದಕ್ಕೆ ಯಾರಾದರೂ ದುಡ್ಡು ಕೊಡುತ್ತಾರೆಂದು ಗೈಡಿನ ಅತ್ತೆ ಇವತ್ತಿಗೂ ನಂಬಿಲ್ಲ. ಅಳಿಯ ಬೇರೇನೋ ಕಳ್ಳ ಕಸುಬು ಮಾಡುತ್ತಾನೆಂದೇ ಆಕೆಯ ಗುಮಾನಿ.

ಆ ಮಾವ ಸಾಬೂನು ಕಾರ್ಖಾನೆಯ ಯಜಮಾನರು. ಮ್ಯಾನೇಜರ್ ಕುರ್ಚಿ ಖಾಲಿಯಿತ್ತು. ಅದು ತನಗೋ ಷಡ್ಡಕನಿಗೋ ಎಂಬ ಚಿಂತೆಯಲ್ಲಿ ಅಳಿಯ ಅರ್ಧ ಸೊರಗಿದ್ದ. ಸದ್ಯ, ಹಿಂದಿನ ವಾರ ಷಡ್ಡಕ ಇಸ್ಪೀಟಿನಲ್ಲಿ ಮಾವನನ್ನು ಸೋಲಿಸಿ ಮೂಲೆ ಸೇರಿದ್ದ. ಮಾವ ಸೋಲು ಸಹಿಸುವ ಆಸಾಮಿಯಲ್ಲ.

ಇಬ್ಬರೂ ಮೀನು ಹಿಡಿಯಲು ಬಂದ ದಿನ, ಬೂಟು ಹಾಕಿಕೊಳ್ಳುವ ನೆಪದಲ್ಲಿ ಅಳಿಯ ಗೈಡನ್ನು ಶೆಡ್ಡಿನ ಹಿಂದಕ್ಕೆ ಕರೆದ. "ಅಣ್ಣಾ, ನನಗೆ ಒಂದು ಮೀನೂ ಸಿಗಬಾರ್ದು. ಏನಾದ್ರೂ ಮಾಡಿ."

ಇಂಥ ಗಿರಾಕಿಯನ್ನು ಗೈಡ್ ಕಂಡಿರಲಿಲ್ಲ. ಆದರೆ ಅವನೂ ಒಂದು ಮನೆಯ ಅಳಿಯನೇ, ಕರುಳು ಚುರುಕ್ಕೆಂದಿತು. ಇಕ್ಕಳ ತೆಗೆದು ಅಳಿಯನ ಗಾಳದ ಮೊನೆಯನ್ನು ಚಟಕ್ಕನೆ ಮುರಿದ. ಇನ್ನು ಮೀನು ಕಚ್ಚಿದರೂ ಜಾರಿಹೋಗುತ್ತದೆ.

ಹೊಳೆಗೆ ಇಳಿದ ಮೇಲೆ ಮಾವನ ಕಣ್ಣು ಅಳಿಯನ ಗಾಳದ ಕೋಲಿನ ಮೇಲೆ ಬಿತ್ತು. ಇದಕ್ಕಿಂತ ಅದೇ ವಾಸಿ ಅನಿಸುತ್ತೆ, ಇತ್ತ ಕೊಡಿ ಎಂದರು. ಯಜಮಾನರಿಗೆ ಇಲ್ಲ ಎನ್ನುವವರು ಯಾರು? ಕೋಲುಗಳು ಅದಲುಬದಲಾದವು. ಮೊನೆ ಮುರಿದ ಗಾಳ ಈಗ ಮಾವನ ಪಾಲಾಯಿತು.

ಆಮೇಲಿನದು ಬರೀ ಫಜೀತಿ. ಮಾವನ ಕೋಲು ಬಾಗುವುದು, ಬಂತು ಬಂತು ಎಂದು ಅವರು ಕುಣಿಯುವುದು, ಮೀನು ಜಾರುವುದು. ಇತ್ತ ಅಳಿಯ ಬೇಕಂತಲೇ ಅಡ್ಡಾದಿಡ್ಡಿ ಬೀಸಿದರೂ ಹೊಳೆಯಲ್ಲಿದ್ದ ಶತಮೂರ್ಖ ಟ್ರೌಟೊಂದು ಹುಡುಕಿಕೊಂಡು ಬಂದು ಕಚ್ಚಿತು. ದಾರ ಸಡಿಲ ಬಿಟ್ಟ, ಕೋಲು ತಗ್ಗಿಸಿದ, ಮನಸ್ಸಿನಲ್ಲೇ ಕೈಮುಗಿದ. ಹಾಳಾದ್ದು ಬಿಡಲಿಲ್ಲ. ಮೊಳದುದ್ದದ ಮೀನು ಬಲೆಗೆ ಬಂತು.

ಮಾವ ಆ ಮೀನಿನ ಕಡೆ ತಿರುಗಿಯೂ ನೋಡಲಿಲ್ಲ. ಅಳಿಯನಿಗೆ ಮ್ಯಾನೇಜರ್ ಕುರ್ಚಿ ಹೊಳೆಯಲ್ಲಿ ತೇಲಿಹೋಗುವುದು ಕಂಡಿತು. ಮಾವ ತಮ್ಮ ದಾರ ಸುತ್ತಿಕೊಂಡು, ಕನ್ನಡಕ ಏರಿಸಿ, ಗಾಳವನ್ನು ಕಣ್ಣಿನ ಹತ್ತಿರ ಹಿಡಿದರು. ಮೊನೆಯಿಲ್ಲ. ಗೈಡ್ ತಟ್ಟನೆ ಇಕ್ಕಳವನ್ನು ಜೇಬಿನ ಆಳಕ್ಕೆ ತಳ್ಳಿದ.

ನೋಡುತ್ತ ನೋಡುತ್ತ ಮಾವನ ಮುಖ ಅರಳಿತು. "ನೋಡಿದ್ರಾ ಅಳಿಯಂದ್ರೇ, ಗಾಳಾನೇ ಮುರ್ಕೊಂಡು ಹೋಗಿದೆ. ಅದೆಂಥಾ ಮೀನಿರ್ಬೇಕು!"

"ಅದರ ಮುಂದೆ ಇದು ಮರಿ, ಮಾವ," ಎಂದ ಅಳಿಯ, ತನ್ನ ಮೀನನ್ನು ಗಡಿಬಿಡಿಯಲ್ಲಿ ನೀರಿಗೆ ಬಿಡುತ್ತ.

ಕುರ್ಚಿ ಅವನಿಗೇ ಸಿಕ್ಕಿತು. ಮಾವ ಮರೆತುಹೋಗಿದ್ದ ಟೋಪಿ ಕೊಡಲು ಗೈಡ್ ಕಾರ್ಖಾನೆಗೆ ಹೋದಾಗ ಮ್ಯಾನೇಜರ್ ರೂಮಿನಲ್ಲಿ, ಕುರ್ಚಿಯ ಮೇಲ್ಗಡೆ ಗೋಡೆಗೆ, ಗಾಜಿನ ಚೌಕಟ್ಟಿನಲ್ಲಿ ಆ ಮುರುಕು ಗಾಳ ತೂಗುತ್ತಿತ್ತು. ಸಾಬೂನು ಕೊಳ್ಳಲು ಬಂದ ವ್ಯಾಪಾರಿಯ ಮುಂದೆ ಅಳಿಯ ಎದ್ದು ನಿಂತು, ಎರಡೂ ಕೈ ಚಾಚಿ, ಮಾವನ ಕೈತಪ್ಪಿದ ಮೀನಿನ ಉದ್ದ ತೋರಿಸುತ್ತಿದ್ದ.

ಬಾಗಿಲ ಬಳಿ ಮಾವ ಕೆಮ್ಮಿದ ಸದ್ದಾಯಿತು. ಅಳಿಯ ಕೈಗಳನ್ನು ಇನ್ನೊಂದಿಷ್ಟು ಅಗಲಿಸಿದ.